ಕಿಟಕಿ ಪಕ್ಕದ ಬಾಟಲಿ

ಬಾಟಲಿಯನ್ನು ತೊಳೆದು ಬೋರಲು ಹಾಕಿದ್ದೇ ಎಲ್ಲಕ್ಕೂ ಮೂಲ.

ಬೆಳಿಗ್ಗೆ ಪ್ರೆಸ್ಸಿನ ಹಿಂದಿನ ಕೋಣೆಗೆ ಬಂದ, ಅಚ್ಚಿನ ಕರಡು ತಿದ್ದುವ ಪ್ರೂಫಕ್ಕ ಊಟದ ಡಬ್ಬಿ ಇಡಲೆಂದು ಫ್ರಿಜ್ ತೆರೆದಳು. ನಿನ್ನೆ ಸಂಜೆ ತಾನೇ ಜೋಪಾನವಾಗಿ ಇಟ್ಟಿದ್ದ ವೈನಿನ ಬಾಟಲಿ ಅಲ್ಲಿರಲಿಲ್ಲ. ಅದು ಸಿಂಕಿನ ಪಕ್ಕದಲ್ಲಿ, ಲೋಟಗಳ ಸಾಲಿನ ಕೊನೆಗೆ, ತಲೆಕೆಳಗಾಗಿ ನಿಂತು ಹೊಸ ಪಾತ್ರೆಯ ಹಾಗೆ ಥಳಥಳ ಹೊಳೆಯುತ್ತಿತ್ತು.

"ಚಿಕ್ಕಮ್ಮಾ, ಇದರಲ್ಲಿದ್ದದ್ದು ಏನಾಯ್ತು?"

ನೆಲ ಒರೆಸುತ್ತಿದ್ದ ಚಿಕ್ಕಮ್ಮ ಸೊಂಟಕ್ಕೆ ಕೈಕೊಟ್ಟು ಎದ್ದು ನಿಂತಳು. ಪ್ರೆಸ್ಸಿನ ಕಸ, ಮುಸುರೆ ಎಲ್ಲ ಅವಳ ಪಾಲಿನದು. ಅವಳಿಗೆ ಎಲ್ಲರೂ ಹೆದರುತ್ತಿದ್ದರು.

"ಕೆಟ್ಟುಹೋಗಿತ್ತು ಕಣಮ್ಮ. ತಳದಲ್ಲಿ ಗಷ್ಟು, ಮೇಲೆಲ್ಲ ಮಬ್ಬು. ಬಿರಡೆ ತೆಗೆದು ಮೂಸಿದೆ. ಸೂಪಿನ ವಾಸನೆ! ಚೆಲ್ಲಿ, ಪುಡಿ ಹಾಕಿ ಉಜ್ಜಿದೆ. ನೀನಿಟ್ಟದ್ದನ್ನ ನೀನೇ ತೊಳೀಬೇಕಿತ್ತು, ಇರ್ಲಿ ಬಿಡು."

"ಅಯ್ಯೋ, ಅದು ಇರೋದೇ ಹಾಗೆ! ನಾವು ಅಚ್ಚು ಹಾಕ್ತಿರೋ ಲೇಬಲ್ಲಲ್ಲೇ ಬರ್ದಿದೆಯಲ್ಲ!"

ಲೇಬಲ್ಲಿನ ಒಕ್ಕಣೆಯನ್ನು ತಿದ್ದಿದವಳು ಪ್ರೂಫಕ್ಕನೇ. 'ಎರಡು ಬಿಳಿ ದ್ರಾಕ್ಷಿಗಳ ಮಿಶ್ರಣ. ಸೋಸಿಲ್ಲ, ಏನೂ ಬೆರೆಸಿಲ್ಲ. ಸಿಹಿಯಿಲ್ಲ. ತುಸು ಉಪ್ಪು, ಎಳೆ ಸೊಪ್ಪಿನ ಕಂಪು.' ಪಟ್ಟಣದ ಹೊರಗೆ ಹೆಂಗಸೊಬ್ಬಳು ನಡೆಸುವ ಪುಟ್ಟ ವೈನರಿಯದು ಆ ವೈನು. ಅವಳನ್ನು ಪ್ರೆಸ್ಸಿನವರು ವೈನ್ ಮೇಡಂ ಎನ್ನುತ್ತಿದ್ದರು. ಒಳಗಿನ ವೈನಿನ ಬಣ್ಣಕ್ಕೂ ಲೇಬಲ್ಲಿನ ಕಾಗದದ ಬಣ್ಣಕ್ಕೂ ಹೊಂದಿಕೆಯಾಗಬೇಕು. ಅದಕ್ಕಾಗಿಯೇ ತುಂಬಿದ ಬಾಟಲಿಯೊಂದನ್ನು ತಂದುಕೊಟ್ಟಿದ್ದಳು. "ಹೊರಗೆ ಬಂದಿರೋದು ಇದೊಂದೇ. ಬಣ್ಣ ನೋಡಿ ಅಷ್ಟೆ, ಯಾರೂ ತೆಗೀಬೇಡಿ," ಎಂದು ಮತ್ತೆ ಮತ್ತೆ ಹೇಳಿದ್ದಳು. ಈ ಹೊತ್ತು ಮಧ್ಯಾಹ್ನ ಊಟವಾದ ಮೇಲೆ ಲೇಬಲ್ ಒಪ್ಪಲು ಬರುವವಳಿದ್ದಳು.

ಪ್ರೂಫಕ್ಕ ಬಾಟಲಿಯನ್ನು ಕಣ್ಣಿಗೆ ಹಿಡಿದು, ಹನಿಯಾದರೂ ಉಳಿದಿದೆಯೇ ಎಂದು ನೋಡಿದಳು. ಅವಳ ಚಿಂತೆ ಹೋದ ವೈನಿನದಲ್ಲ, ಕೈತಪ್ಪುವ ಕಿಟಕಿಯದು.

ಪ್ರೆಸ್ಸಿನ ಮುಂದಿನ ಕೋಣೆಯಲ್ಲಿ, ಬೀದಿಯ ಕಡೆ, ಕಿಟಕಿಗೆ ಒತ್ತಿದಂತೆ ಒಂದು ಮೇಜಿತ್ತು. ಅಲ್ಲಿ ಕೂರುತ್ತಿದ್ದ ಚಿತ್ರಗಾರರು ನಿವೃತ್ತರಾಗಿದ್ದರು. "ಈ ಲೇಬಲ್ ಪಾಸಾಗ್ಲಿ, ಆ ಮೇಜು ನಿಮ್ದೇ," ಎಂದಿದ್ದರು ಪ್ರೆಸ್ಸಿನ ಯಜಮಾನರು. ಇಷ್ಟು ವರ್ಷ ಅವಳು ಕೂತದ್ದು ಕಾಗದ ಕತ್ತರಿಸುವ ಯಂತ್ರದ ಪಕ್ಕ, ಟ್ಯೂಬ್‌ಲೈಟಿನ ಕೆಳಗೆ. ಮನೆಯಲ್ಲೂ ಅಷ್ಟೆ. ಒಲೆಯ ಎದುರಿಗೆ ಗೋಡೆ; ಕಿಟಕಿ ಗಂಡನ ಕುರ್ಚಿಯ ಹಿಂದೆ. ಅವನು ಒಂದು ದಿನವೂ ತಿರುಗಿ ನೋಡಿದವನಲ್ಲ. ಆ ಮೇಜಿನ ಮೇಲೆ ಎಲ್ಲಿ ಏನಿಡಬೇಕೆಂದು ಪ್ರೂಫಕ್ಕ ವಾರದಿಂದ ಯೋಚಿಸಿಟ್ಟಿದ್ದಳು.

"ಅಂಗಡಿಯಿಂದ ಒಂದು ವೈನು ತಂದು ತುಂಬಿಬಿಟ್ರೆ?" ಎಂದಳು.

ಸದ್ದು ಕೇಳಿ ಬಂದಿದ್ದ, ಮುದ್ರಣಯಂತ್ರ ನಡೆಸುವ ಮೆಷಿನಣ್ಣ ಅಡ್ಡಡ್ಡ ತಲೆಯಾಡಿಸಿದ. "ಅಂಗಡಿ ವೈನೆಲ್ಲ ಕನ್ನಡಿ ಥರ ಇರುತ್ತಕ್ಕ. ಈ ಮಬ್ಬು ಎಲ್ಲಿಂದ ತರ್ತೀರಿ? ಅವ್ರು ನೋಡೋದು ಬಣ್ಣ ತಾನೆ? ಬಣ್ಣ ಬೆರೆಸೋದು ನನ್ನ ಕಸುಬು. ಬಿಡಿ ನನಗೆ."

ಮೊದಲು ತೆಳು ಚಹಾಕ್ಕೆ ಹಾಲಿನ ಹನಿ ಹಾಕಿದ. ಬಾಟಲಿಯನ್ನು ಬೆಳಕಿಗೆ ಹಿಡಿದ ಚಿಕ್ಕಮ್ಮ, "ಇದನ್ನ ಲ್ಯಾಬಿಗೆ ಕಳಿಸ್ಬಹುದು," ಎಂದಳು. ಆಮೇಲೆ ನೀರಿಗೆ ಗೋಂದು ಕಲಸಿದ. ಅದು ಮಳೆಗಾಲದ ಮೂಗಿನಂತೆ ದಾರದಾರವಾಗಿ ಇಳಿಯಿತು. ಮೂರನೆಯ ಸಲ ಅವನ ಕಣ್ಣು ರೋಲರ್ ಒರೆಸುವ ಎಣ್ಣೆಯ ಡಬ್ಬದ ಕಡೆ ಹೊರಳಿದ್ದೇ ತಡ, ಪ್ರೂಫಕ್ಕ ಡಬ್ಬವನ್ನೇ ಎತ್ತಿ ಕಪಾಟಿನ ಮೇಲಿಟ್ಟಳು.

ಅಷ್ಟರಲ್ಲಿ ಪಕ್ಕದ ಸೂಪಿನಂಗಡಿಯ ಸೂಪಮ್ಮ ತನ್ನ ಬೆಲೆಪಟ್ಟಿ ಅಚ್ಚಾಯಿತೇ ಎಂದು ಕೇಳಲು ಬಂದವಳು, ವಿಷಯ ತಿಳಿದದ್ದೇ ಸೆರಗು ಸಿಕ್ಕಿಸಿದಳು.

"ಇಷ್ಟಕ್ಕೆ ಹೀಗೆ ಮುಖ ಮಾಡ್ಕೊಂಡಿದ್ದೀಯಾ? ಎಲೆಕೋಸು, ಈರುಳ್ಳಿ, ಸೊಪ್ಪಿನ ಕಾಂಡ ಬೇಯಿಸಿದ ನೀರು ನಮ್ಮಲ್ಲಿ ಹಂಡೆ ತುಂಬ ಇದೆ. ಎರಡು ಸಲ ಬಟ್ಟೇಲಿ ಸೋಸಿದ್ರೆ ಇದೇ ಬಣ್ಣ."

ತಂದಳು. ಸೋಸಿದಳು. ನಿಂಬೆಹಣ್ಣು ಹಿಂಡಿದಾಗ ಬಣ್ಣ ಒಂದಿಷ್ಟು ತಿಳಿಯಾಗಿ, ಲೇಬಲ್ಲಿನ ಕಾಗದಕ್ಕೂ ಅದಕ್ಕೂ ಅವಳಿ ಜವಳಿಯಷ್ಟು ಹೋಲಿಕೆ ಬಂತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಸೂಪಮ್ಮನ ಕೈ ಅಭ್ಯಾಸಬಲದಿಂದ ಉಪ್ಪಿನ ಡಬ್ಬಿಗೆ ಹೋಯಿತು.

"ಬಣ್ಣಕ್ಕೆ ಉಪ್ಪು ಯಾಕೆ?" ಎಂದಳು ಪ್ರೂಫಕ್ಕ.

"ಉಪ್ಪಿಲ್ಲದೆ ನನ್ನ ಕೈಯಿಂದ ಏನೂ ಹೊರಗೆ ಹೋಗಲ್ಲ. ನೋಡು, ಸರಿಯಾಗಿದೆಯಾ?" ಎಂದು ಚಮಚವನ್ನು ಪ್ರೂಫಕ್ಕನ ಬಾಯಿಗೇ ಇಟ್ಟಳು. ಇನ್ನಷ್ಟು ನಿಂಬೆ, ಇನ್ನೊಂದು ಚಿಟಿಕೆ ಉಪ್ಪು, ಮತ್ತೊಂದು ಚಮಚ. ಪ್ರೂಫಕ್ಕ ಸಾಕು ಎನ್ನುವಷ್ಟು ಹೊತ್ತಿಗೆ ಅವಳ ಬೆಳಗಿನ ಹಸಿವೇ ಹೋಗಿತ್ತು.

ಬಿರಡೆ ಬಿಗಿದು, ಲೇಬಲ್ ಅಂಟಿಸಿ, ಬಾಟಲಿಯನ್ನು ಕಿಟಕಿ ಪಕ್ಕದ ಮೇಜಿನ ಮೇಲಿಟ್ಟರು. ಮುದ್ದಾಗಿ ಕಾಣುತ್ತಿತ್ತು.

ಊಟದ ನಂತರ ವೈನ್ ಮೇಡಂ ಬಂದಳು. ಒಬ್ಬಳೇ ಅಲ್ಲ, ದಾರಿಯಲ್ಲಿ ಸಿಕ್ಕಿ ಬೆನ್ನು ಹತ್ತಿದ್ದ ದೊಡ್ಡ ಹೋಟೆಲಿನ ಸಾಹೇಬರೊಬ್ಬರು ಜೊತೆಗಿದ್ದರು. ಅವಳ ಮುಖ ನೋಡಿದರೆ ಅವರನ್ನು ಕರೆತಂದವಳ ಹಾಗಿರಲಿಲ್ಲ.

"ನಾನು ಕೇಳಿದಾಗೆಲ್ಲ ಇನ್ನೂ ತಯಾರಾಗಿಲ್ಲ ಅಂತೀರಿ," ಎಂದರು ಸಾಹೇಬರು ಬಾಟಲಿ ಕಂಡವರೇ. "ಇಲ್ಲಿ ಪ್ರೆಸ್ಸಿನವರಿಗೆ ಮಾತ್ರ ತಯಾರಾಗಿದೆಯಾ? ಒಂದು ಗ್ಲಾಸ್ ತರ್ಸಿ."

"ಬೇಡ!"

ಕೂಗಿದ್ದು ಇಬ್ಬರು: ಪ್ರೂಫಕ್ಕ ಮತ್ತು ವೈನ್ ಮೇಡಂ. ಇವಳಿಗೇಕೆ ಗಾಬರಿ ಎಂದು ಪ್ರೂಫಕ್ಕನಿಗೆ ಅನ್ನಿಸಿತಾದರೂ ಯೋಚಿಸಲು ವ್ಯವಧಾನವಿರಲಿಲ್ಲ. ಯಜಮಾನರು ಆಗಲೇ, "ತಗೊಳ್ಳಿ ಸಾರ್, ಧಾರಾಳವಾಗಿ," ಎಂದು ಚಹಾದ ಲೋಟಕ್ಕೆ ಬಗ್ಗಿಸಿ ಆಗಿತ್ತು.

ಸಾಹೇಬರು ಲೋಟ ತಿರುಗಿಸಿದರು. ಮೂಸಿದರು. ಒಂದು ಗುಟುಕು ಬಾಯಲ್ಲೇ ಓಡಾಡಿಸಿ ಕಣ್ಣು ಮುಚ್ಚಿದರು. ಪ್ರೂಫಕ್ಕನೂ ಮುಚ್ಚಿದಳು.

"ಆಹಾ! ಉಪ್ಪು... ಹಸಿ ಸೊಪ್ಪು... ಮಣ್ಣು... ಕೊನೇಲಿ ಏನೋ ಇದೆಯಲ್ಲ... ಎಲೆಕೋಸು?"

ಮೆಷಿನಣ್ಣನಿಗೆ ಕೆಮ್ಮು ಬಂತು. "ನಾನು ಬೆಳಿಗ್ಗೇನೇ ಹೇಳ್ದೆ," ಎಂದಳು ಚಿಕ್ಕಮ್ಮ ಬಾಗಿಲಲ್ಲಿ.

"ಇಷ್ಟು ಹಗುರವಾದ ವೈನು ನಾನು ಕುಡಿದೇ ಇಲ್ಲ. ಏರೋದೇ ಇಲ್ಲ ನೋಡಿ! ಮೇಡಂ, ಈ ಸಲದ ಪೂರ್ತಿ ಮಾಲು ನನಗೆ. ಆದ್ರೆ ಇದೇ ರುಚಿ ಇರ್ಬೇಕು. ಕೂದಲೆಳೆಯಷ್ಟೂ ಬದಲಾಗಬಾರ್ದು."

ವೈನ್ ಮೇಡಂ ಲೋಟದಲ್ಲಿ ಉಳಿದದ್ದನ್ನು ನಾಲಿಗೆಗೆ ತಾಗಿಸಿದಳು. ಪ್ರೂಫಕ್ಕನ ಕಡೆ ತಿರುಗಿದಳು. "ಲೇಬಲ್ ಪಾಸು," ಎಂದಳು. ಆಮೇಲೆ, "ನೀವು ಸ್ವಲ್ಪ ಒಳಗೆ ಬನ್ನಿ."

ಹಿಂದಿನ ಕೋಣೆಯಲ್ಲಿ ಅವಳು ಬಾಗಿಲು ಹಾಕಿದಳು. "ನಾನು ಕೊಟ್ಟಾಗ ಇದ್ರಲ್ಲಿ ಎಲೆಕೋಸಿರ್ಲಿಲ್ಲ."

"ತಪ್ಪಾಯ್ತು ಮೇಡಂ," ಎಂದು ಪ್ರೂಫಕ್ಕ ಎಲ್ಲವನ್ನೂ ಒಪ್ಪಿಸಿದಳು. "ನಿಮ್ಮ ವೈನು ಮೋರಿ ಪಾಲಾಯ್ತು."

"ವೈನೆಲ್ಲಿತ್ತಮ್ಮ? ಅದಿನ್ನೂ ಪೀಪಾಯಿಯಲ್ಲಿ ಬುಸುಗುಡ್ತಿದೆ. ಎರಡು ದ್ರಾಕ್ಷಿ ಎರಡು ಪೀಪಾಯಿಯಲ್ಲಿ. ಇನ್ನೂ ಬೆರೆಸೇ ಇಲ್ಲ. ಬಣ್ಣ ತೋರ್ಸೋಕೆ ತಾನೆ ಅಂತ ಮನೇಲಿ ಉಳಿದಿದ್ದ ಸೂಪಿಗೆ ನಿಂಬೆಹಣ್ಣು ಹಿಂಡಿ ತುಂಬಿಸಿಕೊಟ್ಟೆ."

ಪ್ರೂಫಕ್ಕ ಕುರ್ಚಿ ಹುಡುಕಿ ಕೂತಳು.

"ಏನೇ ಹೇಳಿ, ನಿಮ್ಮ ಸೂಪು ನನ್ನದಕ್ಕಿಂತ ಚೆನ್ನಾಗಿದೆ," ಎಂದಳು ವೈನ್ ಮೇಡಂ. "ನಾನು ಉಪ್ಪು ಹಾಕಿರ್ಲಿಲ್ಲ. ಈಗ ಆ ಎರಡೂ ಪೀಪಾಯಿ ಬೆರೆಸಿ ಬೆರೆಸಿ ಇದೇ ರುಚಿಗೆ ತರ್ಬೇಕು. ಈ ರುಚಿ ಗೊತ್ತಿರೋದು ನಿಮ್ಮ ನಾಲಿಗೆಗೆ. ನಾಳೆಯಿಂದ ನಮ್ಮಲ್ಲಿಗೆ ಬಂದುಬಿಡಿ."

ಪ್ರೂಫಕ್ಕನನ್ನು ಕಳಿಸಿಕೊಡಿ ಎಂದು ಮೇಡಂ ಹೊರಗೆ ಬಂದು ಕೇಳಿದ್ದೇ ತಡ, ಯಜಮಾನರು ಹಿಗ್ಗಿ ಹೀರೇಕಾಯಾದರು. "ಹೋಗಿ ಬನ್ನಿ! ಎಷ್ಟು ದಿನ ಬೇಕಾದ್ರೂ ಇರಿ. ಇಂಥ ಗಿರಾಕೀನ ಬಿಡೋಕಾಗುತ್ತಾ?"

"ನಿಮ್ಮಲ್ಲಿ ಕೂರೋಕೆ ಜಾಗ ಹೇಗಿದೆ ಮೇಡಂ?" ಎಂದು ಕೇಳಿದಳು ಪ್ರೂಫಕ್ಕ, ಕೊನೆಯ ಆಸೆಯಿಂದ.

"ತಂಪಾಗಿದೆ. ನೆಲಮಾಳಿಗೆ. ಕಿಟಕಿಗಿಟಕಿ ಏನಿಲ್ಲ, ಬೆಳಕು ಬಿದ್ರೆ ವೈನು ಕೆಡುತ್ತೆ."

ಸಂಜೆ ಚೀಲ ಹೆಗಲಿಗೇರಿಸಿ ಹೊರಟ ಪ್ರೂಫಕ್ಕ ಮುಂದಿನ ಕೋಣೆಯಲ್ಲಿ ನಿಂತಳು. ಇಳಿಬಿಸಿಲು ಕಿಟಕಿಯಿಂದ ನೇರ ಮೇಜಿನ ಮೇಲೆ ಬಿದ್ದಿತ್ತು. ನಡುವೆ ಬಾಟಲಿ, ಅರ್ಧ ಸೂಪಿನೊಂದಿಗೆ, ಬೀದಿ ನೋಡುತ್ತಾ ಆರಾಮಾಗಿ ಕೂತಿತ್ತು. ಮೇಜು ಒರೆಸುತ್ತಿದ್ದ ಚಿಕ್ಕಮ್ಮ ಅದನ್ನು ಎತ್ತಿ ಮೂಸಿದಳು.

"ನಾಳೆಗೆ ಹಳಸುತ್ತೆ ಇದು. ಈ ಸಲ ಕೇಳಿಯೇ ಮಾಡ್ತೀನಿ. ಚೆಲ್ಲಿ ತೊಳೆದುಬಿಡ್ಲಾ?"

ಪ್ರೂಫಕ್ಕ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಯಜಮಾನರು ಕೂಗಿದರು:

"ಅದನ್ನ ಯಾರೂ ಕದಲಿಸ್ಬೇಡಿ! ಇನ್ಮೇಲೆ ಅದರ ಜಾಗ ಅದೇ."