ಕಮಲಾಪುರದ ಸ್ವಿಚ್ಚಿಗೆ ನಾನು ಕೊಟ್ಟ ಚಿಕಿತ್ಸೆ

ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿರುವ ಒಂದು ವಿದ್ಯಾಸಂಸ್ಥೆಯ ನೆಟ್‌ವರ್ಕ್ ನೋಡಿಕೊಳ್ಳುವವನು ನಾನು. ನಮ್ಮ ಇನ್ನೊಂದು ಕಾಲೇಜು ಕಮಲಾಪುರದಲ್ಲಿದೆ. ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ಕೂಡಿಸುವ ಸ್ವಿಚ್ ಎಂಬ ಪೆಟ್ಟಿಗೆ ಕೆಮ್ಮಿದರೂ ಸಾಕು, ಇಲ್ಲಿಂದಲೇ ನಾಡಿ ಹಿಡಿಯಬಲ್ಲೆ. ಹಾಗೆಂದು ನಂಬಿದ್ದೆ.

ಅಂದು ಕಮಲಾಪುರದಲ್ಲಿ ನನ್ನ ನಾದಿನಿಯ ಕುಬಸ. ಚೊಚ್ಚಲ ಬಸಿರು. ಹೆಂಡತಿ ಸುಧಾ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಅಷ್ಟರಲ್ಲಿ ಅಲ್ಲಿನ ಪ್ರಿನ್ಸಿಪಾಲರ ಫೋನು: ನೆಟ್ ಸಿಗದೆ ಎರಡು ಕಂಪ್ಯೂಟರ್ ನಿಂತಿವೆ, ಪರೀಕ್ಷೆಯ ಅರ್ಜಿ ತುಂಬಲು ಇಂದೇ ಕೊನೆಯ ದಿನ!

"ನೀ ಹೋಗು. ನಾ ಆಫೀಸಿನಾಗ ಕುಂತು ರಿಪೇರಿ ಮಾಡ್ತೀನಿ," ಅಂದೆ.

"ಕೆಟ್ಟ ಪೆಟಗಿ ಕಮಲಾಪುರದಾಗ ಅದ. ಕುಬಸಾನೂ ಕಮಲಾಪುರದಾಗ ಅದ. ನೀವೊಬ್ರೇ ಇಲ್ಲಿ ಕುಂತು ಏನ್ ಮಾಡ್ತೀರಿ?"

"ಹೋಗೋದೇ ಬ್ಯಾಡ. ಕಮಾಂಡ್ ಕೊಟ್ರ ಸಾಕು."

"ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ಲಾಕ ಹೇಳ್ರಿ ಅವ್ರಿಗಿ. ನಮ್ಮ ಟಿವಿ ಡಬ್ಬಿಗಿ ನಾ ಹಂಗೇ ಮಾಡ್ತೀನಿ."

ನಾನು ಮರುಕದಿಂದ ನಕ್ಕೆ. "ಅದು ಟಿವಿ ಡಬ್ಬಿ ಅಲ್ಲ ಸುಧಾ. ಅದರ ರೋಗ ಪತ್ತೆ ಹಚ್ಚಬೇಕಾಗ್ತದ."

ಅವಳು ಮುಖ ತಿರುವಿ ಬಸ್ಸಿಗೆ ಹೋದಳು.

ಆಫೀಸಿನಲ್ಲಿ ಕುಳಿತು ಮೊದಲಿಗೇ 'ಡಿಬಗ್ ಆಲ್' ಕೊಟ್ಟೆ. ಒಳಗೆ ನಡೆಯುತ್ತಿರುವುದನ್ನೆಲ್ಲ ಹೇಳು ಎಂಬ ಆಜ್ಞೆ ಅದು. ಹೇಳಿತು! ನೆಹರು ಗಂಜಿನ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹರಿದಂತೆ ತೆರೆಯ ತುಂಬ ಅಕ್ಷರಗಳು ಸುರಿದವು. ಹೇಗೋ ನಿಲ್ಲಿಸಿ ನೋಡಿದರೆ, ಸ್ವಿಚ್ಚಿಗೆ ಕೇಬಲ್ ಸಿಕ್ಕಿಸುವ ಕಿಂಡಿಗಳಲ್ಲಿ ಒಂದರಲ್ಲಿ ಮಾತ್ರ ವಿಪರೀತ ಓಡಾಟ. ಕಳ್ಳ ಸಿಕ್ಕ! ಆ ಕಿಂಡಿಗೆ 'ಶಟ್‌ಡೌನ್' ಕೊಟ್ಟೆ. ತೆರೆ ಗಪ್ಪಾಯಿತು. ಆಹಾ, ಎಂಥ ಶಾಂತಿ!

ಪ್ರಿನ್ಸಿಪಾಲರಿಗೆ ಫೋನಾಯಿಸಿದೆ. "ಈಗ ನೋಡ್ರಿ ಸರ್!"

"ಏನ್ ನೋಡ್ಲಿರಿ? ಮದಲ ಎರಡೇ ಬಂದ್ ಇದ್ದವು. ಈಗ ಎಲ್ಲಾ ಬಂದ್ ಆಗ್ಯಾವ!"

ನಾನು ಮುಚ್ಚಿದ್ದು ಕಮಲಾಪುರವನ್ನು ಕಲಬುರಗಿಗೆ ಕೂಡಿಸುವ ಕಿಂಡಿಯನ್ನೇ. ನಾನೂ ಅದರ ಮೂಲಕವೇ ಒಳಹೊಕ್ಕಿದ್ದೆ! ಇನ್ನು ಅಲ್ಲಿಗೇ ಹೋಗಿ ತೆರೆಯಬೇಕು. ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಓಡಿ ಬಸ್ ಹತ್ತಿದೆ. ನನ್ನ ಜಾಣತನದಿಂದ ಮಕ್ಕಳ ಪರೀಕ್ಷೆ ತಪ್ಪಿದರೆ? ದಾರಿಯುದ್ದಕ್ಕೂ ನಿಜವಾಗಿಯೂ ಹೆದರಿದ್ದೆ.

ಬೆವರುತ್ತಾ ಲ್ಯಾಬಿಗೆ ನುಗ್ಗಿದರೆ ಮಕ್ಕಳು ನಗುನಗುತ್ತಾ ಅರ್ಜಿ ತುಂಬುತ್ತಿದ್ದರು. ಎಲ್ಲ ಕಂಪ್ಯೂಟರೂ ಚಾಲೂ, ಬೆಳಗಿನ ಆ ಎರಡೂ ಸೇರಿ!

"ಯಾರ್ ಮಾಡಿದ್ರಿ ಸರ್?"

"ನಿಮ್ಮ ಮನಿಯವ್ರು," ಎಂದರು ಪ್ರಿನ್ಸಿಪಾಲರು. "ಗೇಟಿನ ಮುಂದೇ ಬಸ್ ಇಳಿದ್ರು. ಹುಡುಗ್ರು ಹೊರಗ ನಿಂತಿದ್ದು ನೋಡಿ ಒಳಗ ಬಂದು, ಒಮ್ಮೆ ಬಂದ್ ಮಾಡಿ ಚಾಲೂ ಮಾಡಿ ಹೋದ್ರು."

ನನ್ನ ಆಜ್ಞೆಯನ್ನು ಸ್ವಿಚ್ ಕಾಯಂ ಆಗಿ ಬರೆದುಕೊಂಡಿರಲಿಲ್ಲ. ಕರೆಂಟು ಹೋಗಿ ಬಂದೊಡನೆ ನನ್ನನ್ನು ಪೂರ್ತಿ ಮರೆತು ಸುಖವಾಗಿತ್ತು!

ಕುಬಸದ ಮನೆಯಲ್ಲಿ ಅತ್ತೆಯವರ ಸಂಭ್ರಮ ಹೇಳತೀರದು. "ನೋಡ್ರಿ, ನಮ್ಮ ಅಳಿಯಂದ್ರು ಅಷ್ಟು ದೊಡ್ಡ ಕೆಲಸ ಬಿಟ್ಟು ಬಂದಾರ!" ಎಂದು ಬಂದವರಿಗೆಲ್ಲ ಸಾರಿದರು. ನನ್ನ ಎಲೆಗೆ ಹೋಳಿಗೆ ಬಡಿಸುತ್ತಿದ್ದ ಸುಧಾ ಬಾಯಿಗೆ ಸೆರಗು ಒತ್ತಿಕೊಂಡಳು. ನನಗೂ ನಗು ತಡೆಯಲಾಗಲಿಲ್ಲ. ಇಂಥ ಹೋಳಿಗೆ ಬಿಟ್ಟು ಆಫೀಸಿನಲ್ಲಿ ಕೂರಲು ಹೊರಟಿದ್ದೆನಲ್ಲ!

ಮರುದಿನ ಸಂಸ್ಥೆಗೆ ವರದಿ ಕೊಡಬೇಕಾಯಿತು. ಸುಳ್ಳು ಬರೆಯುವುದು ನನಗೆ ಒಗ್ಗದ ಮಾತು. "ತಜ್ಞರು ಬಸ್ಸಿನಲ್ಲಿದ್ದಾಗ ದೋಷ ಸರಿಹೋಯಿತು" ಎಂದು ಬರೆದು, ಕೆಳಗೆ ಸಹಿ ಹಾಕಿದೆ.