ದೊಡ್ಡವ್ವನ ಕೈಗೆ ಉಳಿ ಬಂದ ಮೇಲೆ

ನಮ್ಮ ದೊಡ್ಡವ್ವ ಹುಟ್ಟಿರುವುದೇ ನನ್ನನ್ನು ಹೆದರಿಸುವುದಕ್ಕೆ! ಇದನ್ನು ನಂಜುಂಡೇಶ್ವರನ ಸನ್ನಿಧಿಯಲ್ಲಿ ನಿಂತು ಬೇಕಾದರೂ ಹೇಳುತ್ತೇನೆ. ಅರವತ್ತೆಂಟು ದಾಟಿದ ಹೆಂಗಸರು ಏನು ಮಾಡುತ್ತಾರೆ? ಧಾರಾವಾಹಿ ನೋಡುತ್ತಾರೆ, ಸೊಸೆಯನ್ನು ಬೈಯುತ್ತಾರೆ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ. ನಮ್ಮ ದೊಡ್ಡವ್ವ ಉಳಿ, ಸುತ್ತಿಗೆ ಹಿಡಿದು ಒರಳುಕಲ್ಲು ಕೆತ್ತುವುದನ್ನು ಕಲಿಯಲು ಹೊರಟಳು! ಅದೂ ಯಾರು? ಮೂವತ್ತು ವರ್ಷ ನಂಜನಗೂಡಿನಲ್ಲಿ ಹಿಟ್ಟಿನ ಮಿಲ್ಲು ನಡೆಸಿ, ಬೀದಿಯ ಬೀಸುವ ಕಲ್ಲುಗಳನ್ನೆಲ್ಲ ಹಿತ್ತಿಲಿಗೆ ಅಟ್ಟಿದವಳು!

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಹಿಂದಿನ ವರ್ಷವೇ ಮೈಸೂರಿನ ಕಣ್ಣಿನ ಡಾಕ್ಟರು ಅವಳಿಗೆ, "ಗ್ಲಾಕೋಮಾ ಅಮ್ಮಾ. ಹೋಗಿರೋ ದೃಷ್ಟಿ ವಾಪಸ್ ಬರಲ್ಲ. ಉಳಿದಿರೋದನ್ನ ಜೋಪಾನ ಮಾಡ್ಕೊಳ್ಳಿ" ಎಂದಿದ್ದರು. ಎಡಗಣ್ಣು ಆಗಲೇ ಮಂಜು. ಬಲಗಣ್ಣಿನಲ್ಲಿ ನಡುವೆ ಒಂದಿಷ್ಟು ಕಾಣುತ್ತದೆ, ಅಕ್ಕಪಕ್ಕವೆಲ್ಲ ಕತ್ತಲೆ. ಆ ಒಂದಿಷ್ಟಕ್ಕೆ ದಿನಕ್ಕೆರಡು ಹೊತ್ತು ಔಷಧಿ ಬಿಡುವವನು ಪಕ್ಕದ ಮನೆಯಲ್ಲಿರುವ ನಾನು. ಆ ಕಣ್ಣಿನ ಮುಂದೆ ಕಲ್ಲಿನ ಚಕ್ಕೆ ಹಾರುವುದನ್ನು ನೋಡಿಕೊಂಡು ಹೇಗೆ ಕೂರಲಿ, ನೀವೇ ಹೇಳಿ!

"ದೊಡ್ಡವ್ವಾ, ಕಣ್ಣಿಗೆ ಚಕ್ಕೆ ಸಿಡಿದ್ರೆ ಏನು ಗತಿ?"

"ಸಿಡುದ್ರೆ ನಿನ್ ಕಡೀಕೇ ಸಿಡೀಲಿ ಬುಡು. ನಿಂಗೆ ಎರಡವೆ."

ಇಂಥವಳ ಹತ್ತಿರ ಏನು ವಾದ ಮಾಡುತ್ತೀರಿ? ನನ್ನ ಬೈಕಿನ ಹೆಲ್ಮೆಟ್ಟನ್ನೇ ತಂದು ತಲೆಗೆ ಹಾಕಿದೆ. ಗಾಜು ಇಳಿಬಿಟ್ಟುಕೊಂಡು ಜಗುಲಿಯಲ್ಲಿ ಕೂತು ಟಕ ಟಕ ಶುರು ಮಾಡಿದಳು. ಸೊಪ್ಪು ಮಾರುವವಳು ಬಂದು, "ಎಲ್ಗೆ ಒಂಟ್ರವ್ವಾ, ಗಾಡಿ ಎಲ್ಲಿ?" ಎಂದು ಕೇಳಿದಳು. ಮಾರನೆಯ ದಿನದಿಂದ ಹೆಲ್ಮೆಟ್ಟು ಉಳಿಗಳನ್ನು ಹಾಕಿಡುವ ಬುಟ್ಟಿಯಾಯಿತು.

ವಾರಕ್ಕೆರಡು ದಿನ ನರಸೀಪುರದ ಬಸ್ಸು ಹತ್ತಿ ಗುರುವಿನ ಬಳಿ ಹೋಗಿಬರುತ್ತಿದ್ದಳು. ಹಿಂದೆ ಮಿಲ್ಲಿನ ಕಲ್ಲು ಸವೆದಾಗ ಅದಕ್ಕೆ ಉಳಿ ಹಾಕಲು ಬರುತ್ತಿದ್ದ ಕಲ್ಲುಕುಟಿಗರು ಅವರು. ಮೊದಲು ಗುಂಡು, ಆಮೇಲೆ ಗುಳಿ ಎಂದು ಅವರ ಅಪ್ಪಣೆಯಂತೆ. ಒಂದು ತಿಂಗಳು ಅವಳು ಕೆತ್ತಿದಳು, ಒಂದು ತಿಂಗಳು ನಾನು ನಡುಗಿದೆ. ಕೊನೆಗೂ ಒಂದು ರುಬ್ಬುಗುಂಡು ಹುಟ್ಟಿತು. ಅದನ್ನು ಚೆನ್ನಾಗಿ ತೊಳೆದು, ಆರಲಿ ಎಂದು ಜಗುಲಿಯ ಮೇಲೆ ನೆಟ್ಟಗೆ ನಿಲ್ಲಿಸಿ ಕಾಫಿ ಕುಡಿಯಲು ಒಳಗೆ ಹೋದಳು.

ಅವತ್ತು ಸೋಮವಾರ. ನಂಜನಗೂಡಿನಲ್ಲಿ ಉರುಟಾದ ಕಲ್ಲನ್ನು ಸೋಮವಾರ ನೆಟ್ಟಗೆ ನಿಲ್ಲಿಸಬಹುದೇ? ಹೊರಗೆ ಬಂದು ನೋಡಿದರೆ ಗುಂಡಿನ ಮೇಲೆ ಮೂರು ಪಟ್ಟೆ ವಿಭೂತಿ, ನೆತ್ತಿಯ ಮೇಲೆ ಬಿಲ್ವಪತ್ರೆ! ಎದುರು ಮನೆಯಾಕೆ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಾಳೆ. "ಇನ್ ಇದ್ರಲ್ಲಿ ಬೆಳ್ಳುಳ್ಳಿ ಚಟ್ನಿ ಅರ್ಯಕ್ಕಾಯ್ತದಾ?" ಎಂದು ಗೊಣಗಿದ ದೊಡ್ಡವ್ವ, ಗುಂಡನ್ನು ದೇವರ ಮನೆಗೆ ಸಾಗಿಸಿ ಇನ್ನೊಂದು ಕಲ್ಲು ತಂದಳು. ಮತ್ತೊಂದು ತಿಂಗಳು ನನ್ನ ಎದೆ ಡವಡವ.

ನಾನು ಹೆದರಿದ್ದು ಆಗಿಯೇ ಹೋಯಿತು. ಒಂದು ಮಧ್ಯಾಹ್ನ ಚಕ್ಕೆ ಸಿಡಿದು ಬಲಗಣ್ಣಿನ ಕೆಳಗೆ, ಸರಿಯಾಗಿ ಕೆನ್ನೆಯ ಮೂಳೆಯ ಮೇಲೆ ಕುಯ್ದಿತು. ಒಂದು ಬೆರಳು ಮೇಲಕ್ಕೆ ಬಿದ್ದಿದ್ದರೆ! ರಕ್ತ ನೋಡಿ ನನಗೇ ತಲೆ ಸುತ್ತಿತು. ಅವಳು ಸೆರಗಿನಿಂದ ಒರೆಸಿಕೊಂಡು, "ಉಳಿ ವಾರೆ ಇಡ್ಕಬುಟ್ಟೆ" ಎಂದಳು, ಅಷ್ಟೇ. ನನ್ನ ತಾಳ್ಮೆ ಮುಗಿಯಿತು. ಮಾರನೆಯ ದಿನ ಗುರುವನ್ನು ವಿಚಾರಿಸಿಕೊಂಡೇ ಬರುತ್ತೇನೆಂದು ನಾನೂ ಅವಳ ಜೊತೆ ಬಸ್ಸು ಹತ್ತಿದೆ.

ಹೊಳೆಯ ದಾರಿಯಲ್ಲಿ ಒಂದು ತಗಡಿನ ಚಪ್ಪರ. ಕೆಳಗೆ ಮುದುಕರೊಬ್ಬರು ಪಾದಗಳ ನಡುವೆ ಕಲ್ಲನ್ನು ಒತ್ತಿ ಹಿಡಿದು ಕೆತ್ತುತ್ತಿದ್ದರು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನೆಲ್ಲ ಒಂದೇ ಉಸಿರಿಗೆ ಸುರಿದೆ.

"ಇವಳ ಕಣ್ಣು ಹೋದ್ರೆ ಯಾರ್ರೀ ಜವಾಬ್ದಾರಿ? ಆ ಕೆನ್ನೆ ನೋಡಿ! ಗಾಯ ನೋಡಿ!"

ಮುದುಕರು ತಲೆ ಎತ್ತಿ, ನನ್ನ ಪಕ್ಕದ ಕಂಬದ ಕಡೆ ತಿರುಗಿ, ನಿಧಾನವಾಗಿ ಹೇಳಿದರು:

"ನೋಡಕ್ಕೆ ಕಣ್ಣಿಲ್ಲ ಸಾ. ಆರು ವರ್ಸ ಆಯ್ತು."

ಹೆದರಿದವನ ಮೇಲೆ ಹಾವೆಸೆದರು ಎಂದರೆ ಇದೇ! ಕಣ್ಣಿಲ್ಲದ ಗುರು, ಕಣ್ಣು ಹೋಗುತ್ತಿರುವ ಶಿಷ್ಯೆ, ನಡುವೆ ಒಂದು ಸುತ್ತಿಗೆ! ಆದರೆ ಮುದುಕರು ಬೆರಳಿನಿಂದ ಕಲ್ಲನ್ನು ಸವರಿ, ಉಬ್ಬಿದ ಜಾಗ ಹುಡುಕಿ, ಅಲ್ಲಿಗೇ ಉಳಿ ಇಟ್ಟು ಏಟು ಹಾಕಿದರು. ಏಟು ಒಂದು ಕೂದಲೆಳೆಯೂ ತಪ್ಪಲಿಲ್ಲ. "ಎಲ್ಲಿ ಒಡೀಬೇಕು ಅಂತ ಬೆರಳೇ ಏಳ್ಕೊಡ್ತದೆ ಸಾ. ಬಿರುಕು ಬುಟ್ಟಿದ್ರೆ ಸದ್ದಲ್ಲೇ ಗೊತ್ತಾಯ್ತದೆ" ಎಂದರು.

ನಾನು ದೊಡ್ಡವ್ವನ ಕಡೆ ತಿರುಗಿದೆ. ಅವಳು ನಗುತ್ತಿರಲಿಲ್ಲ.

"ಇವ್ರಿಗೆ ಕಣ್ಣಿಲ್ಲ ಅಂತ ಗೊತ್ತಿದ್ದೇ ಬಂದೆ ಕಣೋ. ನಂಗೂ ಭಯ ಆಯ್ತದೆ. ಪೂರ್ತಿ ಕತ್ಲಾದ್ಮೇಲೆ ಮೂಲೇಲಿ ಕೂರ್ಸಿ, ಒತ್ತೊತ್ಗೆ ತಟ್ಟೆ ತಂದಿಡ್ತೀರಿ. ನೀನು ಚೆನ್ನಾಗೇ ನೋಡ್ಕತೀಯ, ಇಲ್ಲ ಅನ್ನಲ್ಲ. ಆದ್ರೂ ನಾನು ಯಾವತ್ತೂ ಕೈಕಟ್ಟಿ ಕೂತೋಳಲ್ಲ. ಅದ್ಕೇ, ಒಸಿ ಬೆಳಕಿರೋವಾಗ್ಲೇ ಕೈಗೆ ಕೆಲ್ಸ ಕಲಿಸ್ತಾ ಇವ್ನಿ."

ಇಷ್ಟು ದಿನ ಅವಳ ಕಣ್ಣಿನ ಬಗ್ಗೆ ಹೆದರಿದೆನೇ ಹೊರತು, ಅವಳೂ ಹೆದರಿರಬಹುದೆಂದು ಒಂದು ಸಲವೂ ಯೋಚಿಸಲಿಲ್ಲ.

"ಇವತ್ತು ಕಣ್ಮುಚ್ಕಂಡು ಒಡೀರವ್ವ" ಎಂದರು ಮುದುಕರು. "ಕಣ್ಮುಚ್ಚಿದ್ಮೇಲೆ ಕಲ್ಲು ಅಲುಗಾಡ್ಬಾರ್ದು. ನಿಮ್ಗೆ ಮಂಡಿ ನೋವಲ್ವಾ, ಕಾಲಲ್ಲಿ ಒತ್ಕಳಕ್ಕಾಗಲ್ಲ. ಯಾರಾರ ಇಡ್ಕಬೇಕು."

ಅಲ್ಲಿ 'ಯಾರಾರ' ಎಂದರೆ ನಾನೊಬ್ಬನೇ. ಕೂತು, ಮುದುಕರು ಮುಂದಕ್ಕೆ ತಳ್ಳಿದ ಗುಂಡನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ದೊಡ್ಡವ್ವ ಕಣ್ಣು ಮುಚ್ಚಿದಳು. ಅವಳ ಬೆರಳು ಕಲ್ಲಿನ ಮೇಲೆ ಹರಿದು ಬಂದು, ನನ್ನ ಹೆಬ್ಬೆರಳನ್ನು ತಡವಿ, ಅಲ್ಲಿಂದ ಒಂದಂಗುಲ ಈಚೆಗೆ ಉಳಿಯನ್ನು ಇಟ್ಟಿತು. ಸುತ್ತಿಗೆ ಮೇಲೆದ್ದಿತು.

"ಭಯ ಆದ್ರೆ ಕೈ ತಕ್ಕೊ" ಎಂದಳು.

"ಹೊಡಿ ದೊಡ್ಡವ್ವಾ" ಎಂದೆ.

ನಾನೂ ಕಣ್ಣು ಮುಚ್ಚಿಕೊಂಡೆ. ಕೈ ಮಾತ್ರ ತೆಗೆಯಲಿಲ್ಲ.