ಇಲ್ಲಿ ಹಚ್ಚಿ

ಇಂಥವು ನನಗೇ ಯಾಕೆ ಆಗುತ್ತವೆ ಎಂದು ಮೊದಮೊದಲು ಅಂದುಕೊಳ್ಳುತ್ತಿದ್ದೆ. ಈಗ ಒಂದು ವಾರ ಏನೂ ಆಗದಿದ್ದರೆ, ಅಂಗಡಿ ಬಾಗಿಲು ತೆಗೆದಿದ್ದೇನೋ ಇಲ್ಲವೋ ಎಂದು ಎದ್ದು ನೋಡುತ್ತೇನೆ. ಬರೆಯುವುದು ನನಗೆ ಹೊಸದು. ಅದಕ್ಕೆ ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತೇನೆ. ಗೊತ್ತಿದ್ದವರು ಬೇಸರ ಮಾಡಿಕೊಳ್ಳಬಾರದು.

ನಮ್ಮದು ಹೊಸಪೇಟೆಯಲ್ಲಿ ಬಾಡಿಗೆ ದೀಪಗಳ ಅಂಗಡಿ. ಅಪ್ಪ ಮದುವೆ, ಮೆರವಣಿಗೆಗಳಿಗೆ ಗ್ಯಾಸ್‌ಲೈಟು ಕೊಡುತ್ತಿದ್ದ. ಗ್ಯಾಸ್‌ಲೈಟು ಎಂದರೆ ಸೀಮೆಎಣ್ಣೆ ತುಂಬಿ, ಗಾಳಿ ಹೊಡೆದು ಹೊತ್ತಿಸುವ, ಬುಸ್ ಎಂದು ಸದ್ದು ಮಾಡುವ ದೀಪ. ಹೆಸರಿನಲ್ಲಿ ಗ್ಯಾಸ್ ಇದೆ, ಒಳಗೆ ಇರಲಿಲ್ಲ. ಈಗ ಅವನ್ನು ಯಾರೂ ಕೇಳುವುದಿಲ್ಲ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬಂದವಳು ಬ್ಯಾಟರಿ ಡಬ್ಬಿ ಬಾಡಿಗೆಗೆ ಕೊಡಲು ಶುರು ಮಾಡಿದೆ. ಡಬ್ಬಿ ಎಂದರೆ ಇಟ್ಟಿಗೆಯಷ್ಟು ದೊಡ್ಡ ಪವರ್ ಬ್ಯಾಂಕ್, ಜೊತೆಗೆ ಒಂದು ಸರ ಸಣ್ಣ ದೀಪಗಳು. ಶನಿವಾರ ಬಂತೆಂದರೆ ಸಂಡೂರಿನ ಗುಡ್ಡಕ್ಕೆ, ಹಂಪಿಯ ಹೊಳೆದಂಡೆಗೆ ಟೆಂಟು ಹೊತ್ತು ಹೋಗುವವರು ಇದನ್ನು ಒಯ್ಯುತ್ತಾರೆ.

ಅಂಗಡಿಯ ಮುಂದೆ, ರಸ್ತೆಗೆ ಕಾಣುವ ಹಾಗೆ, ಒಂದು ಉದ್ದ ಹಲಗೆ ಇದೆ. ಮೊದಲು ಅಲ್ಲಿ ಗ್ಯಾಸ್‌ಲೈಟುಗಳು ನಿಲ್ಲುತ್ತಿದ್ದವು. ಅಪ್ಪ ಅವನ್ನು ಅಟ್ಟಕ್ಕೆ ಏರಿಸಿ ಹಲಗೆಯನ್ನು ನನಗೆ ಬಿಟ್ಟುಕೊಟ್ಟ, ಆದರೆ ಒಂದು ಷರತ್ತು ಹಾಕಿಯೇ ಕೊಟ್ಟ.

“ದೀಪಾವಳಿತನಕ ನೋಡ್ತೀನವ್ವ. ನಿನ್ನ ಡಬ್ಬಿ ಸತ್ತು ಬರಲಿಲ್ಲಂದ್ರ ಹಲಗಿ ನಿನ್ನದು. ಇಲ್ಲಾಂದ್ರ ನನ್ನ ಗ್ಯಾಸ್‌ಲೈಟ್ ಕೆಳಗ ಇಳೀತಾವ, ನೀ ಹುಬ್ಬಳ್ಯಾಗ ನೌಕರಿ ಹುಡಿಕ್ಕೊ.”

ನನಗೆ ಹುಬ್ಬಳ್ಳಿ ಬೇಕಿರಲಿಲ್ಲ, ಹಲಗೆ ಬೇಕಿತ್ತು. ಮುಂದಿನದೆಲ್ಲ ಆ ಹಲಗೆಯ ಕತೆ.

೧. ತಾನೇ ಉಣ್ಣುವ ಡಬ್ಬಿ

ಹಂಪಿಯಲ್ಲಿ ಪ್ರವಾಸಿಗಳಿಗೆ ಟೆಂಟು ಹಾಕಿಕೊಡುವವರೊಬ್ಬರು ಫೋನ್ ಮಾಡಿದರು.

“ಅಕ್ಕಾರ, ನಿನ್ನಿ ಸಂಜಿಂದ ಚಾರ್ಜಿಗೆ ಹಚ್ಚೀನಿ, ಡಬ್ಬಿ ತುಂಬವಲ್ಲದು.”

“ಅಲ್ಲಿ ಕರೆಂಟ್ ಐತೇನ್ರಿ?”

“ಕರೆಂಟ್ ಯಾಕ ಬೇಕ್ರಿ ಇದಕ್ಕ?”

ಬೈಕ್ ಹತ್ತಿ ಹೋಗಿ ನೋಡಿದರೆ, ಅವರು ವೈರಿನ ಒಂದು ತುದಿಯನ್ನು ಡಬ್ಬಿಯ ಒಂದು ತೂತಿಗೆ ಹಾಕಿ, ಇನ್ನೊಂದು ತುದಿಯನ್ನು ಅದೇ ಡಬ್ಬಿಯ ಇನ್ನೊಂದು ತೂತಿಗೆ ಹಾಕಿದ್ದರು. ಒಂದು ತೂತಿನಿಂದ ಕರೆಂಟು ಹೊರಗೆ ಬರುತ್ತದೆ, ಇನ್ನೊಂದರಿಂದ ಒಳಗೆ ಹೋಗುತ್ತದೆ. ಹೀಗೆ ಮಾಡಿದರೆ ಡಬ್ಬಿ ತನ್ನನ್ನು ತಾನೇ ತಿಂದು ಖಾಲಿಯಾಗುತ್ತದೆ. ಇದನ್ನು ನಾನು ಅವರಿಗೆ ಕಲ್ಲಿನ ಮೇಲೆ ಚಿತ್ರ ಬರೆದು ವಿವರಿಸಿದೆ. ನೆಂಟರ ಮನೆಗೆ ಹೊರಟವನು ತನ್ನ ಬುತ್ತಿಯನ್ನು ತಾನೇ ಬಿಚ್ಚಿಕೊಂಡು ಕೂತ ಹಾಗೆ ಎಂದು ಉದಾಹರಣೆಯನ್ನೂ ಕೊಟ್ಟೆ.

ಅವರು ಕೈಕಟ್ಟಿ ಪೂರ್ತಿ ಕೇಳಿ ಹೇಳಿದರು: “ತಪ್ಪು ನಿಮ್ದ ಅಕ್ಕಾರ. ವೈರಿಗೆ ಎರಡು ತುದಿ ಕೊಟ್ಟೀರಿ, ಡಬ್ಬಿಗೆ ಎರಡು ತೂತು ಕೊಟ್ಟೀರಿ. ನಾ ಲೆಕ್ಕ ಸರಿ ಮಾಡೀನಿ.”

೨. ಮಾಸ್ತರು ಆರಿಸಿದ್ದು

ಅವರು ಹೇಳಿದ್ದರಲ್ಲಿ ಸತ್ಯ ಇತ್ತು. ಆ ದಿನವೇ ಬಿಳಿ ಸ್ಟಿಕ್ಕರು ತಂದು ಎಲ್ಲ ಡಬ್ಬಿಗಳಿಗೂ ಅಂಟಿಸಿದೆ. ಕರೆಂಟು ಹೊರಗೆ ಬರುವ ಕಡೆ “ಲೈಟಿಗೆ” ಎಂದು ಬರೆದೆ. ಒಳಗೆ ಹೋಗುವ ಕಡೆ ದಪ್ಪ ಅಕ್ಷರದಲ್ಲಿ “ಇಲ್ಲಿ ಹಚ್ಚಿ” ಎಂದು ಬರೆದು, ತೂತಿನ ಕಡೆಗೆ ಒಂದು ಬಾಣವನ್ನೂ ಹಾಕಿದೆ. ನಮ್ಮ ಕಡೆ ಮೊಬೈಲನ್ನೂ ಚಾರ್ಜಿಗೆ ಹಚ್ಚುವುದು ಎಂದೇ ಅನ್ನುತ್ತೇವೆ, ಆದ್ದರಿಂದ ಯಾರಿಗೂ ಗೊಂದಲ ಆಗಬಾರದು ಎಂದು ನನ್ನ ಲೆಕ್ಕ.

ಮುಂದಿನ ಫೋನು ಕಂಪ್ಲಿಯಿಂದ, ಒಬ್ಬ ಮಾಸ್ತರರದು. ಶಾಲೆಯ ಮೈದಾನದಲ್ಲಿ ಮಕ್ಕಳ ಶಿಬಿರಕ್ಕೆಂದು ಡಬ್ಬಿ ಒಯ್ದಿದ್ದರು.

“ತಂಗೀ, ಡಬ್ಬಿ ಕೈಗೆ ಬಿಸಿ ಹತ್ತಾಕತ್ತೈತಿ. ಲೈಟು ಒಮ್ಮೆ ಹತ್ತತಾವ, ಒಮ್ಮೆ ಇಲ್ಲ.”

ಡಬ್ಬಿ ಕಾದರೆ ಅದನ್ನು ಬಂದ್ ಮಾಡಿ ತಂಪಾಗಲು ಬಿಡಬೇಕು. ನಾನು ಹೇಳಿದ್ದು ಇಷ್ಟೇ: “ಸರ್, ಒಂದೆರಡು ತಾಸು ಆರಿಸಿ ಇಡ್ರಿ, ಸರಿ ಹೋಗ್ತದ.”

ಮಧ್ಯಾಹ್ನ ಅವರು ಒಂದು ಫೋಟೊ ಕಳಿಸಿದರು. ಅದನ್ನು ನೋಡಿ ನಾನು ಕೂಗಿದ ಕೂಗಿಗೆ ಪಕ್ಕದ ಚಹಾದ ಅಂಗಡಿಯವನು ಓಡಿ ಬಂದ. ಮಾಳಿಗೆಯ ಮೇಲೆ ಬಿಳಿ ಪಂಚೆ ಹಾಸಿತ್ತು. ಪಂಚೆಯ ಒಂದು ಕಡೆ ಸಂಡಿಗೆ, ಒಂದು ಕಡೆ ಒಣಮೆಣಸಿನಕಾಯಿ, ನಡುವೆ ನನ್ನ ಡಬ್ಬಿ. ಕಂಪ್ಲಿಯ ಬಿಸಿಲು ಗೊತ್ತಿಲ್ಲದವರಿಗೆ ಹೇಳುತ್ತೇನೆ, ಆ ಬಿಸಿಲಲ್ಲಿ ಬ್ಯಾಟರಿ ಉಬ್ಬಿ ಬಿರಿಯಬಹುದು, ಬೆಂಕಿಯೂ ಹೊತ್ತಬಹುದು.

“ಸರ್! ಮೊದಲ ಅದನ್ನ ನೆರಳಿಗೆ ತಗೀರಿ!”

“ಇನ್ನೂ ಪೂರ್ತಿ ಆರಿಲ್ಲ ತಂಗಿ. ನಮ್ಮನಿಯಾಕಿ ಈಗಷ್ಟ ಮಗ್ಗಲ ಬದಲಿಸಿ ಹಾಕ್ಯಾಳ.”

“ಆರಿಸೋದು ಅಂದ್ರ ಬಂದ್ ಮಾಡೋದು ಸರ್! ದೀಪ ಆರಿಸಂಗಿಲ್ಲೇನ್ರಿ, ಹಂಗ!”

ಮಾಸ್ತರರು ಪಾಠದ ದನಿಯಲ್ಲಿ ಹೇಳಿದರು: “ನಾ ಕನ್ನಡ ಕಲಿಸಾಂವ ಅದೀನವ್ವ. ಆರಿಸು ಅನ್ನೂದಕ್ಕ ಮೂರು ಅರ್ಥ ಅದಾವ. ಅದ್ರಾಗ ನಾ ಒಂದು ಆರಿಸ್ಕೊಂಡೆ.”

ಡಬ್ಬಿ ಉಳಿಯಿತು. ಆದರೆ ಇವತ್ತಿಗೂ ಬಿಸಿಯಾದರೆ ಮೆಣಸಿನಕಾಯಿ ಘಾಟು ಹೊಡೆಯುತ್ತದೆ.

೩. ಕೆಲಸವಿಲ್ಲದಿದ್ದರೆ ಮಲಗುವುದು

ಹೊಸಪೇಟೆಯವರೇ ಒಬ್ಬರು ಹೆಂಡತಿ ಮಕ್ಕಳೊಂದಿಗೆ ಸಂಡೂರಿನ ಗುಡ್ಡದ ಬುಡದಲ್ಲಿ ಟೆಂಟು ಹಾಕಿದ್ದರು. ಸಂಜೆ ಫೋನು ಬಂತು.

“ಮೇಡಂ, ಲೈಟು ಹತ್ತತಾವ. ನಾವು ಕುಂತು ಉಸಿರು ಬಿಡೂದ್ರಾಗ ಆರತಾವ. ಮತ್ತ ಬಟನ್ ಒತ್ತಿದ್ರ ಹತ್ತತಾವ, ಮತ್ತ ಆರತಾವ. ನಮ್ಮನಿಯಾಕಿ ಇಲ್ಲಿ ಏನೋ ಐತಿ ಅಂತ ಗಂಟು ಕಟ್ಟಾಕತ್ತಾಳ. ಏನರ ಐತೇನ್ರಿ ಇಲ್ಲಿ?”

ಅಲ್ಲಿ ಏನೂ ಇರಲಿಲ್ಲ. ಇದು ಈ ಡಬ್ಬಿಗಳ ಸ್ವಭಾವ. ಆ ಸಣ್ಣ ದೀಪಗಳು ಎಳೆಯುವ ಕರೆಂಟು ಎಷ್ಟು ಕಡಿಮೆ ಎಂದರೆ, ತನಗೆ ಯಾರೂ ಏನೂ ಸಿಗಿಸಿಲ್ಲ ಎಂದು ಡಬ್ಬಿ ತಿಳಿಯುತ್ತದೆ, ತಾನೇ ಬಂದ್ ಆಗುತ್ತದೆ. ಉಪಾಯ ಸುಲಭ: ದೀಪದ ಜೊತೆ ಒಂದು ಮೊಬೈಲನ್ನೂ ಚಾರ್ಜಿಗೆ ಸಿಗಿಸಿದರೆ ಸಾಕು, ಡಬ್ಬಿ ಎಚ್ಚರ ಇರುತ್ತದೆ.

ಅವರಿಗೆ ಸುಲಭವಾಗಿ ತಿಳಿಯಲಿ ಎಂದು ಹೇಳಿದೆ: “ಹೆದರಬ್ಯಾಡ್ರಿ ಸರ್. ಕೆಲಸ ಭಾಳ ಕಮ್ಮಿ ಇದ್ರ ಅದು ಮಲಗಿಬಿಡ್ತದ. ಇನ್ನೊಂದೀಟು ಕೆಲಸ ಕೊಡ್ರಿ, ಏಳ್ತದ.”

ಫೋನು ಸ್ಪೀಕರಿನಲ್ಲಿ ಇತ್ತೆಂದು ಕಾಣುತ್ತದೆ, ಹಿಂದಿನಿಂದ ಅವರ ಹೆಂಡತಿ ದೊಡ್ಡದಾಗಿ ನಗುವುದು ಕೇಳಿಸಿತು. ಅವರು ದನಿ ತಗ್ಗಿಸಿ ಕೇಳಿದರು:

“ಮೇಡಂ, ನಾ ಸರ್ಕಾರಿ ನೌಕರ ಅಂತ ನಿಮಗ ಯಾರು ಹೇಳಿದ್ರು?”

೪. ಸಂಡೂರಿನ ಧೂಳು

ಇಲ್ಲಿಯವರೆಗಿನವು ಗಿರಾಕಿಗಳ ತಪ್ಪು ಅಥವಾ ಡಬ್ಬಿಯ ಸ್ವಭಾವ. ಅಪ್ಪ ಡಬ್ಬಿಗಳನ್ನು ದಿನಾ ಬೈದರೂ ಇವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆಮೇಲೆ ನಿಜವಾಗಿಯೂ ಡಬ್ಬಿಗಳು ಸತ್ತು ಬರತೊಡಗಿದವು.

ಎಲ್ಲರದೂ ಒಂದೇ ದೂರು. ಮೊದಲ ಸಂಜೆ ಚೆನ್ನಾಗಿ ಬೆಳಗುತ್ತವೆ, ಮರುದಿನ ಕಾರಿನಲ್ಲಿ ಚಾರ್ಜಿಗೆ ಹಚ್ಚಿದರೆ ಏರುವುದೇ ಇಲ್ಲ. ಬಂದ ಡಬ್ಬಿಯ ತೂತಿಗೆ ಟಾರ್ಚು ಬಿಟ್ಟು ನೋಡಿದರೆ ಒಳಗೆಲ್ಲ ಕೆಂಪು ಪುಡಿ, ಗಟ್ಟಿಯಾಗಿ ಕೂತಿತ್ತು. ಬುಕ್ಕಸಾಗರಕ್ಕೆ ಹೋದ ಒಂದನ್ನು ಬಿಟ್ಟರೆ ಇಂಥವೆಲ್ಲ ಶನಿವಾರ ಸಂಡೂರಿಗೆ ಹೋದ ಡಬ್ಬಿಗಳು. ಸಂಡೂರು ಎಂದರೆ ಅದಿರು, ಅದಿರು ಎಂದರೆ ಕೆಂಪು ಧೂಳು. ನನಗೆ ಕಾರಣ ಸಿಕ್ಕಿತು ಎಂದು ಬಹಳ ಸಮಾಧಾನ ಆಯಿತು.

ಅದಿರಿನ ಲಾರಿ ಓಡಿಸುವ ಸಂಡೂರಿನ ಒಬ್ಬ ಡ್ರೈವರು ತನ್ನ ಗೆಳೆಯರಿಗಾಗಿ ಆಗಾಗ ಡಬ್ಬಿ ಒಯ್ಯುತ್ತಿದ್ದ. ಸಿಕ್ಕವನು ಅವನೇ, ಬೈಸಿಕೊಂಡವನೂ ಅವನೇ.

“ನಿಮ್ಮೂರ ಧೂಳು ನನ್ನ ಡಬ್ಬಿಗೋಳನ್ನ ಸಾಯಿಸಾಕತ್ತೈತಿ.”

“ಅಕ್ಕಾರ, ಧೂಳು ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ನಾ ನಿಮ್ಮ ಡಬ್ಬೀನ ಟವೆಲ್‌ನ್ಯಾಗ ಸುತ್ತಿ ಒಯ್ದೀನಿ, ಕೂಸಿನಂಗ.”

“ಧೂಳು ಟವೆಲ್ ದಾಟತದ.”

“ಮತ್ತ ಬುಕ್ಕಸಾಗರಕ್ಕ ಹೋದ ಡಬ್ಬಿನೂ ಕೆಂಪಾಗಿ ಬಂದೈತಿ ಅಂದ್ರಲ್ಲ. ಅಲ್ಲಿ ಬರೇ ಭತ್ತದ ಗದ್ದಿ ಅದಾವ. ಅಲ್ಲಿಗೂ ನಮ್ಮೂರ ಧೂಳ ಬಂತೇನ್ರಿ?”

ನಾನು ಸೋಲಲಿಲ್ಲ. ಗಾಳಿ ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಬೀಸುತ್ತದೆ, ಸಣ್ಣ ಕಣ ಎಷ್ಟು ದೂರ ಹಾರಬಲ್ಲದು ಎಂದು ಅವನಿಗೆ ವಿವರಿಸಿದೆ. ಅವನು ತಲೆ ಕೆರೆದುಕೊಂಡು ಹೇಳಿದ: “ಇಷ್ಟು ದೂರ ಹೋಗೋ ಧೂಳಿಗೆ ನಾವು ಸುಮ್ಮನ ಲಾರಿ ಕಟ್ಟಾಕತ್ತೀವಿ ನೋಡ್ರಿ.”

ನಗು ಬಂತು, ಆದರೆ ಆ ಸಂಜೆ ನಗು ಉಳಿಯಲಿಲ್ಲ. ಮತ್ತೆರಡು ಡಬ್ಬಿ ಸತ್ತು ಬಂದಿದ್ದವು. ಅಪ್ಪ ಏಣಿ ತಂದು ಅಟ್ಟಕ್ಕೆ ಆನಿಸಿದ. ದೀಪಾವಳಿ ಹತ್ತಿರ ಬಂದಿತ್ತು.

“ಇನ್ನೊಂದು ವಾರ ನೋಡ್ತೀನವ್ವ,” ಎಂದಷ್ಟೇ ಹೇಳಿದ.

೫. ಬಾಣ ತೋರಿಸಿದ ಜಾಗ

ಶುಕ್ರವಾರ ಬೆಳಿಗ್ಗೆ ನಾನು ಅಂಗಡಿಯಲ್ಲಿ ಇರುವುದಿಲ್ಲ. ಹಂಪಿಯ ಕಡೆ ಕೊಟ್ಟ ಡಬ್ಬಿಗಳನ್ನು ಬದಲಿಸಿ ಬರಲು ಹೋಗುತ್ತೇನೆ. ಗುರುವಾರವೇ ಶನಿವಾರದ ಡಬ್ಬಿಗಳನ್ನು ಪೂರ್ತಿ ಚಾರ್ಜ್ ಮಾಡಿ ಹಲಗೆಯ ಮೇಲೆ ಸಾಲಾಗಿ ಇಟ್ಟಿರುತ್ತೇನೆ. ಇದನ್ನು ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ಆ ಶುಕ್ರವಾರ ಬೈಕು ರೈಲ್ವೆ ಗೇಟು ದಾಟುವುದರೊಳಗೆ ಪಂಚರ್ ಆಯಿತು, ನಾನು ಹಿಂದಿರುಗಿದೆ.

ದೂರದಿಂದಲೇ ಊದಿನಕಡ್ಡಿಯ ವಾಸನೆ ಬಂತು. ಅಂಗಡಿಯ ಮುಂದೆ ಬಂದು ನಿಂತವಳು ಹಾಗೇ ನಿಂತೆ. ಅಪ್ಪ ಸ್ನಾನ ಮಾಡಿ, ಒಗೆದ ಧೋತರ ಉಟ್ಟು, ನನ್ನ ಡಬ್ಬಿಗಳ ಮುಂದೆ ಕೂತಿದ್ದ. ಹಲಗೆಯ ಮೇಲೆ ಹೂವು. ಎಡಗೈಯಲ್ಲಿ ನೀರು ಹಾಕಿ ಕಲಸಿದ ಕುಂಕುಮದ ಬಟ್ಟಲು, ಬಲಗೈಯಲ್ಲಿ ಒಂದು ಬೆಂಕಿಕಡ್ಡಿ. ಅಪ್ಪ ಕನ್ನಡಕ ಮೂಗಿಗಿಳಿಸಿ, ಕಡ್ಡಿಯನ್ನು ಕುಂಕುಮದಲ್ಲಿ ಅದ್ದಿ, ಡಬ್ಬಿಯ ತೂತಿನೊಳಗೆ ಇಟ್ಟು ಮೆಲ್ಲಗೆ ತಿರುವುತ್ತಿದ್ದ. ಕೂಸಿನ ಕಿವಿಗೆ ಎಣ್ಣೆ ಬಿಡುವವರ ಹಾಗೆ.

“ಯಪ್ಪಾ! ಏನ್ ಮಾಡಾಕತ್ತೀದಿ!”

ಅಪ್ಪ ಬೆಚ್ಚಿ ಬಟ್ಟಲು ಬೀಳಿಸಿದ. “ನೀ ಹಂಪಿಗೆ ಹೋಗಿದ್ದಿ ಅಲ್ಲೇನಲೇ?”

“ಅದರ ಬಾಯಾಗ ಕುಂಕುಮ ಯಾಕ ತುರಕಾಕತ್ತೀದಿ?”

“ತುರಕೂದಲ್ಲ, ಹಚ್ಚೂದು,” ಎಂದ ಅಪ್ಪ, ನಾಚಿಕೆಯನ್ನು ಸಿಟ್ಟಿನಲ್ಲಿ ಮುಚ್ಚಿಕೊಂಡು. “ದುಡಿಯೋ ಸಾಮಾನಿಗೆ ಶುಕ್ರವಾರ ಕುಂಕುಮ ಹಚ್ಚಬೇಕು. ಗ್ಯಾಸ್‌ಲೈಟಿಗೆ ಹೊಟ್ಟಿ ಇತ್ತು, ಹೊಟ್ಟಿ ಮ್ಯಾಲೆ ಹಚ್ಚತಿದ್ದೆ. ಇದಕ್ಕ ಹೊಟ್ಟಿ ಇಲ್ಲ, ಹಣಿ ಇಲ್ಲ. ಎಲ್ಲಿ ಹಚ್ಚಬೇಕಂತ ನನಗೂ ತಿಳಿದಿದ್ದಿಲ್ಲ. ಆಮ್ಯಾಲೆ ನೀನ ಬರದು ಅಂಟಿಸಿದಿ.”

ಒಂದು ಡಬ್ಬಿ ಎತ್ತಿ ನನ್ನ ಮುಖದ ಮುಂದೆ ಹಿಡಿದ. ನನ್ನದೇ ಕೈಬರಹ, ದಪ್ಪ ಅಕ್ಷರ: ಇಲ್ಲಿ ಹಚ್ಚಿ.

“ಬಾಣನೂ ಬಿಟ್ಟೀದಿ,” ಎಂದ.

ನಾನು ಕೇಳಿದೆ: “ನೀ ಇವನ್ನ ದಿನಾ ಬೈತಿದ್ದಿ. ಪೂಜಿ ಯಾಕ ಮಾಡಿದಿ?”

“ಬೈದ್ರ ನೀ ಹುಷಾರಿ ಇರ್ತಿ ಅಂತ ಬೈತಿದ್ದೆ. ನಿನ್ನ ಡಬ್ಬಿ ಸಾಯಬಾರದು, ಹಲಗಿ ನಿನಗ ಉಳೀಬೇಕು ಅಂತ ಹಚ್ಚತಿದ್ದೆ.” ಅಪ್ಪ ನಿಟ್ಟುಸಿರು ಬಿಟ್ಟ. “ಆದ್ರೂ ಸಾಯಾಕ ಹತ್ತಿದ್ವು. ದೇವರಿಗೆ ಸಾಕಾಗವಲ್ಲದು ಅಂತ ವಾರ ವಾರ ಒಂದೀಟು ಜಾಸ್ತಿ ಹಚ್ಚಿದೆ.”

ಆ ದಿನವೆಲ್ಲ ಇಬ್ಬರೂ ಎದುರುಬದುರು ಕೂತು, ಬ್ರಷ್ಷು ಹಿಡಿದು, ತೂತುಗಳಿಂದ ಅಪ್ಪನ ಆಶೀರ್ವಾದ ಕೆದಕಿ ತೆಗೆದೆವು. ಸತ್ತ ಡಬ್ಬಿಗಳು ಒಂದೊಂದಾಗಿ ಜೀವ ಹಿಡಿದವು. ಒಂದೊಂದು ಹಸಿರು ದೀಪ ಮಿನುಗಿದಾಗಲೂ ಅಪ್ಪ ನನ್ನ ಕಡೆ ನೋಡದೆ “ಹೂಂ” ಎನ್ನುತ್ತಿದ್ದ. ಸಂಜೆ ತಾನೇ ಏಣಿಯನ್ನು ಒಳಗಿಟ್ಟು ಬಂದ.

ಈಗ ಸ್ಟಿಕ್ಕರುಗಳು ಬದಲಾಗಿವೆ. ತೂತಿನ ಹತ್ತಿರ “ಚಾರ್ಜರ್ ವೈರು ಮಾತ್ರ” ಎಂದಿದೆ. ಡಬ್ಬಿಯ ನೆತ್ತಿಯ ಮೇಲೆ ಒಂದು ಸಣ್ಣ ವೃತ್ತ ಬರೆದು, ಅಪ್ಪನಿಗೆ ಜಾಗ ತೋರಿಸಿಕೊಟ್ಟಿದ್ದೇನೆ. ಪ್ರತಿ ಶುಕ್ರವಾರ ಅಲ್ಲೇ ಹಚ್ಚುತ್ತಾನೆ. ದೀಪಾವಳಿಗೆ ಹಲಗೆ ನನ್ನ ಬಳಿಯೇ ಉಳಿಯಿತು.

ಆ ವಾರ ಸಂಡೂರಿನ ಡ್ರೈವರು ಬಂದ. ಅವನ ಊರಿನ ಮೇಲೆ ಹೊರಿಸಿದ್ದಕ್ಕೆ ಹೇಗೆ ಕ್ಷಮೆ ಕೇಳುವುದು ಎಂದು ನಾನು ಮಾತು ಹುಡುಕುತ್ತಿದ್ದೆ. ಅವನು ಡಬ್ಬಿಯನ್ನು ಎತ್ತಿ, ನೆತ್ತಿಯ ಮೇಲಿನ ದುಂಡನೆಯ ಕುಂಕುಮವನ್ನು ನೋಡಿ, ಅಪ್ಪನ ಹಣೆಯ ಮೇಲಿನದನ್ನೂ ನೋಡಿ, ಗಂಭೀರವಾಗಿ ಕೇಳಿದ:

“ಅಕ್ಕಾರ, ನಮ್ಮೂರ ಧೂಳು ಈಗ ನಿಮ್ಮಪ್ಪಾರ ಹಣಿತನಕ ಬಂತೇನ್ರಿ?”